ಬೀಳದ ಮನೆ

ನನ್ನ ಮಗ ಸುರೇಶ ತೀರಿಕೊಂಡದ್ದು ನಮ್ಮನ್ನು ಕಾಡಿನಿಂದ ಹೊರಗೆ ತಂದ ಮೇಲೆ ಸರ್ಕಾರ ಕಟ್ಟಿಸಿಕೊಟ್ಟ ಮನೆಯ ಮುಂದಿನ ಕೋಣೆಯಲ್ಲಿ. ಬಹಳ ದಿನ ಕೆಮ್ಮಿದ. ಮಣ್ಣು ಮಾಡಿ ಬಂದ ದಿನವೇ ಸೊಸೆ ಚೆನ್ನಿ ಪಾತ್ರೆಪಡಗ ಎತ್ತಿಕೊಂಡು ಹೊರಗೆ ಬಂದಳು. ಮನೆಯ ಮಗ್ಗುಲಲ್ಲೇ ಬಿದಿರು ನೆಟ್ಟು, ಟಾರ್ಪಾಲು ಹೊದಿಸಿ ಇದ್ದುಬಿಟ್ಟೆವು. ನಮ್ಮ ಹಾಡಿಯ ಜನರಲ್ಲಿ ಯಾರೂ ಏಕೆಂದು ಕೇಳಲಿಲ್ಲ. ಸಾವಾದ ಮನೆಯಲ್ಲಿ ನಮ್ಮವರು ಒಲೆ ಹಚ್ಚುವುದಿಲ್ಲ.

ಕೇಳಿದವನು ಪಂಚಾಯ್ತಿಯ ಕೃಷ್ಣಕುಮಾರ್. ಹ್ಯಾಂಡ್‌ಪೋಸ್ಟ್ ಊರಿನ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದ. ಕೆಟ್ಟವನಲ್ಲ.

“ಏನ್ ಜೋಗಯ್ಯ, ಗೋಡೆ ಅವೆ, ಮೇಲೆ ಹೊದಿಸಿದ್ ಸೀಟ್ ಅವೆ, ಕರೆಂಟ್ ಐತೆ. ಇದ್ಯಾಕಪ್ಪ ಟಾರ್ಪಾಲ್ ಕೆಳ್ಗೆ ಕುಂತಿದ್ದೀರ?”

“ಮಗ ಹೋದ ಮನೆ ಸ್ವಾಮಿ.”

“ನಮ್ಮಪ್ಪನೂ ನಮ್ ಮನೇಲೇ ಹೋಗಿದ್ದು. ನಾನೇನ್ ಬೀದೀಲಿ ಮಲಗ್ತೀನಾ?” ಅಂದವನು ಆಮೇಲೆ ದನಿ ತಗ್ಗಿಸಿದ. “ಯಾರೂ ಇಲ್ದಿರೋ ಮನೇನ ಬೇರೆಯೋರ್ಗೆ ಕೊಡಿ ಅಂತ ಮೇಲ್ನೋರು ಹೇಳ್ತಾವ್ರೆ. ಗೌರಿ ಹಬ್ಬದೊಳ್ಗೆ ಒಳ್ಗಡೆ ಒಲೆ ಉರೀಬೇಕು. ಆಮೇಕೆ ನನ್ ಕೈಲಿ ಏನೂ ಇಲ್ಲ.”

ಮನೆ ಹೋದರೆ ನಮಗೆ ಬೇರೆ ಜಾಗವಿಲ್ಲ. ಕಾಡಿನೊಳಗಿದ್ದಾಗ ಒಂದು ಗುಡಿಸಲು ಬಿಟ್ಟರೆ ಸ್ವಲ್ಪ ಆಚೆಗೆ ಇನ್ನೊಂದು ಕಟ್ಟಿಕೊಳ್ಳುತ್ತಿದ್ದೆವು. ಇದು ಅಳತೆ ಹಾಕಿ ಕೊಟ್ಟ ಜಾಗ. ಪಕ್ಕಕ್ಕೆ ಸರಿದರೆ ಇನ್ನೊಬ್ಬರ ಬೇಲಿ.

ಆ ಬೇಸಿಗೆ ರಜಕ್ಕೆ ಮೊಮ್ಮಗಳು ಭಾಗ್ಯ ಬಂದಳು. ಚೆನ್ನಿಯ ಒಬ್ಬಳೇ ಮಗಳು, ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಸಮಾಜಶಾಸ್ತ್ರ ಓದುತ್ತಾಳೆ. ಅಪ್ಪ ಸತ್ತಾಗಲೂ ಅಳದೆ, ಬಂದವರಿಗೆಲ್ಲ ನೀರು ಕೊಟ್ಟುಕೊಂಡು ಓಡಾಡಿದ ಹುಡುಗಿ.

“ನಮ್ ಜನಕ್ಕೆ ಸತ್ತೋರ ಭಯ ಅಂತ ಒಬ್ರು ಪುಸ್ತಕ್ದಲ್ಲಿ ಬರ್ದವ್ರೆ ತಾತ,” ಅಂದಳು.

“ನಿಮ್ಮಪ್ಪನ್ ಕಂಡ್ರೆ ಯಾರ್ಗವ್ವ ಭಯ? ಕೋಳಿ ಕುಯ್ಯೋಕೂ ನನ್ನೇ ಕರೀತಿದ್ದ.”

ನಕ್ಕಳು. ಆಮೇಲೆ ಕೇಳಿದಳು. “ಕಾಡಲ್ಲಿ ಬುಟ್ಟ ಗುಡ್ಲು ಏನಾಯ್ತಿತ್ತು?”

“ಬೀಳ್ತಿತ್ತು. ಒಂದ್ ಮಳೆಗಾಲಕ್ಕೆ ಹೊದಿಕೆ ಕೊಳೀತಿತ್ತು, ಇನ್ನೊಂದಕ್ಕೆ ಗಳ ಉರುಳ್ತಿದ್ವು. ಒಲೆ ಇದ್ದ ಜಾಗ್ದಲ್ಲಿ ಹುಲ್ ಬಂದ್ರೆ, ಹೋದೋರು ಹಿರೀಕರ ಜತೆ ಸೇರ್ಕಂಡ್ರು ಅಂತ. ಆಗ ಹೆಸ್ರು ಕರ್ದು ಎಡೆ ಇಕ್ತಿದ್ವಿ. ಅಲ್ಲಿಗಂಟ ಹೆಸ್ರು ಎತ್ತಂಗಿರ್ಲಿಲ್ಲ.”

ಭಾಗ್ಯ ತಿರುಗಿ ಮನೆಯ ಸಿಮೆಂಟ್ ಗೋಡೆ ನೋಡಿದಳು.

“ಕ್ಲಾಸಲ್ಲಿ ಒಂದ್ ಸಿದ್ಧಾಂತ ಹೇಳ್ಕೊಟ್ರು ತಾತ. ಹುಟ್ಟು, ಮದ್ವೆ, ಸಾವು ಎಲ್ಲಾನೂ ದಾಟೋದೇ ಅಂತೆ. ಮೊದ್ಲು ಇದ್ದದ್ದ ಬುಡ್ಬೇಕು, ನಡುವೆ ಸ್ವಲ್ಪ ಕಾಲ ಎಲ್ಲಿಗೂ ಸೇರ್ದಂಗೆ ಇರ್ಬೇಕು, ಆಮೇಲೆ ಆ ಕಡೆ ಸೇರ್ಬೇಕು. ಸತ್ತೋರು ಮಾತ್ರ ಅಲ್ಲ, ಉಳ್ದೋರೂ ದಾಟ್ಬೇಕು. ನಮ್ಮೋರ್ನ ದಾಟಿಸ್ತಿದ್ದದ್ದು ಆ ಗುಡ್ಲು ಬೀಳೋದು. ಸಿಮೆಂಟ್ ಮನೆ ಬೀಳಲ್ವಲ್ಲ? ಅಪ್ಪನೂ ನಡುವೇನೇ ನಿಂತವ್ನೆ. ಅವ್ವನೂ.”

ನನ್ನ ಕಣ್ಣೆದುರೇ ಎಷ್ಟೋ ಗುಡಿಸಲು ಬಿದ್ದಿವೆ. ಅವು ಬೀಳುವುದರಲ್ಲಿ ಒಂದು ಕೆಲಸ ನಡೆಯುತ್ತಿತ್ತು ಎಂದು ನನಗೆ ಹೊಳೆದಿರಲಿಲ್ಲ. ಹುಡುಗಿ ಹೇಳಿದ ಮೇಲೆ ಹೌದೆನಿಸಿತು.

ಅವಳು ಅಲ್ಲಿಗೇ ಬಿಡಲಿಲ್ಲ. ಮುಂದಿನ ಕೋಣೆಯ ಶೀಟು ಬಿಚ್ಚಿಸೋಣ, ಒಂದು ಮಳೆಗಾಲ ನೆನೆಯಲಿ, ಆಮೇಲೆ ಮತ್ತೆ ಹೊದಿಸೋಣ ಎಂದು ಸೊಪ್ಪು ಸೋಸುತ್ತಿದ್ದ ತಾಯಿಯ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಚೆನ್ನಿ ತಲೆ ಎತ್ತದೆ ಕೇಳಿಸಿಕೊಂಡಳು.

“ನಿಮ್ಮಪ್ಪ ಸತ್ತಿದ್ದು ನಿಂಗೆ ಪಾಠ ಆಗೋಯ್ತೇನೇ?”

ಭಾಗ್ಯಳ ಮುಖ ಇಳಿದುಹೋಯಿತು. ಎರಡು ದಿನ ತಾಯಿ ಮಗಳ ನಡುವೆ ಮಾತಿರಲಿಲ್ಲ. ಮೂರನೆಯ ದಿನ ಚೆನ್ನಿಯೇ ಕೇಳಿದಳು.

“ಆ ನೆಲ್ದಲ್ಲಿ ಹುಲ್ಲು ಬತ್ತದಾ?”

“ಗಾರೆ ನೆಲ ಕಣವ್ವ. ಬರಲ್ಲ.”

“ಹೂಂ. ಸುಳ್ ಹೇಳ್ನಿಲ್ವಲ್ಲ, ಬುಡು.” ಎದ್ದು ಸೆರಗು ಕಟ್ಟಿಕೊಂಡಳು. “ಮಾವ, ಹಾರೆ ಇಸ್ಕೊಂಬನ್ನಿ.”

ನೆರೆಮನೆಯ ಅರುಣ ಏಣಿ ಹತ್ತಿದ. “ಲೇ ಭಾಗ್ಯ, ಮೈಸೂರ್ಗೋಗಿ ಮನೆ ಕೀಳೋದ್ ಕಲ್ತ್ಯೇನೇ? ಕಟ್ಟೋದ್ ಮುಂದಿನ್ ವರ್ಸವಾ?”

“ಬಾಯ್ ಮುಚ್ಕೊಂಡು ಬೋಲ್ಟ್ ಬಿಚ್ಚಣ್ಣ.”

ಆಕಾಶ ಕಾಣುತ್ತಿದ್ದ ಆ ಕೋಣೆಗೆ ಚೆನ್ನಿ ಹೋಗಲಿಲ್ಲ. ಬಾಗಿಲ ಹೊರಗೆ ನಿಂತು, ಸುರೇಶನ ಚಾಪೆ ಇದ್ದ ಜಾಗ ತೋರಿಸಿದಳು. ಅಲ್ಲಿಯ ಗಾರೆಯನ್ನು ನಾನು ಹಾರೆಯಿಂದ ಒಡೆದೆ. ಕೆಳಗಿನ ಮಣ್ಣು ಇನ್ನೂ ಕೆಂಪಗಿತ್ತು.

ಭಾಗ್ಯ ಮೈಸೂರಿಗೆ ಹೋದಳು. ಮಳೆ ಹಿಡಿಯಿತು. ನಡುವೆ ಒಮ್ಮೆ ಬಂದ ಕೃಷ್ಣಕುಮಾರ್ ಹಣೆ ಹಣೆ ಚಚ್ಚಿಕೊಂಡ.

“ಒಲೆ ಹಚ್ರಯ್ಯ ಅಂದ್ರೆ ಇದ್ದ ಸೀಟೂ ಕಿತ್ತಾಕಿದ್ದೀರಲ್ಲ!”

ಮೊಮ್ಮಗಳು ಹೇಳಿದ್ದನ್ನು ನನಗೆ ಬಂದಷ್ಟು ಹೇಳಿದೆ. ಅವನು ಬಾಗಿಲಲ್ಲಿ ನಿಂತು ಒಡೆದ ನೆಲವನ್ನು ನೋಡಿದ. ಮಣ್ಣಿನಿಂದ ಎಳೆ ಹುಲ್ಲು ಎದ್ದಿತ್ತು.

“ನಮ್ಮಪ್ಪ ಮಲಗ್ತಿದ್ದ ರೂಮ್ಗೆ ನಮ್ಮವ್ವ ಇವತ್ಗೂ ಹೋಗಾಕಿಲ್ಲ ಕಣ್ ಜೋಗಯ್ಯ. ಕಸಾನೂ ನಾನೇ ಗುಡುಸ್ತೀನಿ.” ಬೈಕ್ ಒದ್ದ. “ಆದ್ರೂ ಹಬ್ಬ ದಾಟ್ಬಾರ್ದು. ನೆಪ್ಪಿರ್ಲಿ.”

ಹಬ್ಬಕ್ಕೆ ಮೊದಲಿನ ಭಾನುವಾರ ಭಾಗ್ಯ ಬಂದಳು. ಬೆಳಿಗ್ಗೆ ಹುಲ್ಲಿನ ಪಕ್ಕ ಎಡೆ ಇಟ್ಟು ಹಿರೀಕರ ಹೆಸರು ಕರೆದೆ. ಕೊನೆಗೆ ಸುರೇಶ ಎಂದೆ. ಅವನು ಹೋದ ಮೇಲೆ ಆ ಹೆಸರು ನಮ್ಮ ಬಾಯಲ್ಲಿ ಬಂದದ್ದು ಅದೇ ಮೊದಲು. ಚೆನ್ನಿ ಹೊಸ್ತಿಲು ದಾಟಿದಳು. ಹುಲ್ಲು ತುಳಿಯದೆ ಬಳಸಿಕೊಂಡು ಹಿಂದಿನ ಅಡುಗೆಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಲೆ ಹೊತ್ತಿತು. ಶೀಟು ಹೊದಿಸುವುದು ಮಳೆ ನಿಂತ ಮೇಲೆ; ಮನೆ ಮಾತ್ರ ನಮ್ಮದಾಗಿ ಉಳಿಯಿತು.

“ಬಾರೇ ಕೂಸೆ, ಉಣ್ಣೋಕೆ,” ಒಳಗಿಂದ ಕರೆದಳು.

“ಬತ್ತೀನವ್ವ.”

ಭಾಗ್ಯ ಹೊಸ್ತಿಲವರೆಗೆ ಬಂದಳು. ಕಾಲು ಮೇಲೇಳಲಿಲ್ಲ. ಬಾಗಿಲ ಪಟ್ಟಿ ಹಿಡಿದು ನಿಂತೇ ಇದ್ದಳು.

“ಎಲ್ಲಾ ಗೊತ್ತಿದ್ದೂ ಆಗ್ತಿಲ್ಲ ತಾತ,” ಅಂದವಳು ಅಲ್ಲೇ ಹೊರಗೆ ಕುಸಿದು ಕೂತು ಅತ್ತಳು. ಅಪ್ಪನಿಗಾಗಿ ಅವಳು ಅತ್ತದ್ದನ್ನು ನಾನು ಕಂಡದ್ದು ಆವತ್ತೇ. ಅಳಲಿ ಎಂದು ನಾನು ದೂರ ಸರಿದು ನಿಂತೆ.

ಚೆನ್ನಿ ಮತ್ತೆ ಕರೆಯಲಿಲ್ಲ. ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಬಂದು, ಒಳಗಡೆ ನಿಂತೇ ಹೊಸ್ತಿಲಾಚೆಗೆ ಕೈ ಚಾಚಿದಳು. ಭಾಗ್ಯ ಕಣ್ಣೊರೆಸಿಕೊಂಡು ಹೊರಗಿನಿಂದಲೇ ತಟ್ಟೆ ಈಸಿಕೊಂಡಳು. ತಾಯಿ ತನ್ನ ತಟ್ಟೆ ತಂದು ಹೊಸ್ತಿಲ ಒಳಗಡೆ ಕೂತಳು. ಹೊಸ್ತಿಲ ಎರಡು ಕಡೆ ಕೂತು ಇಬ್ಬರೂ ಉಂಡರು.