ವಾರಕ್ಕೊಮ್ಮೆ ಬಿಚ್ಚುವ ಪಟ್ಟಿ

ಪಟ್ಟಿಯಣ್ಣನ ಹೆಂಡತಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರ್ಸಮ್ಮ ಗಾಯಕ್ಕೆ ಹಾಕುವ ಎರಡು ಬಗೆಯ ಪಟ್ಟಿ ತೋರಿಸಿದಳು. ಒಂದು, ದಿನವೂ ಬಿಚ್ಚಿ ಕಟ್ಟಬೇಕಾದ ಜಾಳುಜಾಳಾದ ಗಾಜ್ ಬಟ್ಟೆ. ಇನ್ನೊಂದು, ಒಮ್ಮೆ ಅಂಟಿಸಿದರೆ ವಾರವಿಡೀ ಮುಟ್ಟದೆ ಬಿಡುವ ಮೆತ್ತನೆಯ ಹಾಳೆ. ಮುರಿದ ಹೆಗಲ ಮೂಳೆಯನ್ನು ಲೋಹದ ಪ್ಲೇಟಿನಿಂದ ಕೂಡಿಸಿ ಹಾಕಿದ ಹೊಲಿಗೆಗೆ ಯಾವುದಾದರೂ ಆದೀತು, ಆದರೆ ವಯಸ್ಸಾದ ಚರ್ಮಕ್ಕೆ ಎರಡನೆಯದೇ ವಾಸಿ ಅಂದಳು.

ಪಟ್ಟಿಯಣ್ಣ ಮೂಗು ಮುರಿದ. ಆಸ್ಪತ್ರೆಯೊಂದರಲ್ಲಿ ಡ್ರೆಸ್ಸರ್ ಆಗಿ ಗಾಯ ಕಟ್ಟುವುದರಲ್ಲೇ ಆಯುಷ್ಯ ಕಳೆದವನು. ಆ ಹೆಸರು ಬಂದದ್ದೂ ಹಾಗೆಯೇ.

"ಗಾಯ ಅಂದ್ಮೇಲೆ ದಿನಾ ನೋಡ್ಬೇಕಮ್ಮ. ವಾರಗಟ್ಲೆ ಮುಚ್ಚಿಡೋಕೆ ಅದೇನು ಒಡವೆನಾ?" ಎಂದು ಗಾಜ್ ಬಟ್ಟೆಯ ಕಟ್ಟನ್ನೇ ಚೀಲಕ್ಕೆ ತುಂಬಿಕೊಂಡ.

ನಿಜ ಹೇಳಬೇಕೆಂದರೆ, ಗಾಯದ ಚಿಂತೆಗಿಂತ ಹಳೆಯ ಆಸೆಯೇ ಹೆಚ್ಚಾಗಿತ್ತು. ಮದುವೆಗೆ ಮುಂಚೆ ಹೆಂಡತಿ ಟೆಲಿಫೋನ್ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಹಿಮ್ಮಡಿಯೊಳಗೆ ಮುರಿದುಹೋದ ಮುಳ್ಳನ್ನು ಕೊಯ್ದು ತೆಗೆದ ಮೇಲೆ ಪಟ್ಟಿ ಬದಲಿಸಿಕೊಳ್ಳಲು ಇವನ ಹತ್ತಿರ ಬರುತ್ತಿದ್ದಳು. ಕಿಟಕಿ ಪಕ್ಕದ ಬೆಂಚು, ಸ್ಪಿರಿಟ್ಟಿನ ವಾಸನೆ, ಸ್ಟೀಲ್ ತಟ್ಟೆಗೆ ಚಿಮಟ ಬಿದ್ದ ಸದ್ದು, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂಟಿಕೊಂಡ ಬಟ್ಟೆಯ ಮೇಲೆ ಅವನು ಉಗುರುಬೆಚ್ಚಗಿನ ಉಪ್ಪುನೀರನ್ನು ತೊಟ್ಟುತೊಟ್ಟಾಗಿ ಬಿಡುವನು. ಅದು ನೆನೆದು ಸಡಿಲವಾಗುವವರೆಗೆ ಮಾತಾಡದೆ ಇಬ್ಬರಿಗೂ ಬೇರೆ ದಾರಿಯಿರಲಿಲ್ಲ. ಹಿಮ್ಮಡಿ ವಾಸಿಯಾದ ಮೇಲೂ ಪಟ್ಟಿ ಬೀಳುತ್ತಲೇ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಈಗ ಮತ್ತೆ ದಿನವೂ ಊಟವಾದ ಮೇಲೆ ಅಂಗಡಿ ತೆರೆದವನಂತೆ ಸಾಮಾನು ಹರಡುತ್ತಿದ್ದ. ಹೆಂಡತಿ ಅವನಿಗೆ ಬೆನ್ನು ಮಾಡಿ ಕೂತು, ಆ ಕಾಲದ ದೊಡ್ಡ ಡಾಕ್ಟರು, ಗೇಟಿನ ಕಾವಲುಗಾರ, ಎಲ್ಲರ ಸುದ್ದಿ ಎತ್ತುವಳು. ನಕ್ಕಿದ್ದೇ ನಕ್ಕಿದ್ದು.

"ನೋಯ್ತೇನೇ?" ಅಂದರೆ, "ನಿಮ್ಮ ಕೈ ಬಿದ್ದದ್ದೇ ಗೊತ್ತಾಗಲ್ರೀ" ಅನ್ನುವಳು. ಅವನು ಉಬ್ಬಿಹೋಗುವನು.

ಹೊಲಿಗೆ ತೋರಿಸಲು ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಹೊಸ ಚರ್ಮ ಬಂದಹಾಗೆಲ್ಲ ಬಟ್ಟೆ ಜೊತೆ ಕಿತ್ತು ಬರ್ತಿದೆ. ಗಾಯ ಕೂಡ್ತಾನೇ ಇಲ್ಲ. ಹೀಗೇ ಆದ್ರೆ ಸೋಂಕು ಒಳಗಿನ ಪ್ಲೇಟಿಗೆ ಇಳಿಯತ್ತೆ, ಮತ್ತೆ ಆಪರೇಷನ್ನೇ ಗತಿ. ವಾರವಿಡೀ ಬಿಡೋ ಹಾಳೇನೇ ಅಂಟಿಸಿ, ನಡುವೆ ಗಾಯ ಮುಟ್ಬೇಡಿ. ದಿನಾ ಕೀಳುವಾಗ ಪ್ರಾಣ ಹೋಗೋಹಾಗೆ ನೋಯ್ತಿರ್ಬೇಕಲ್ಲ ಇವರಿಗೆ?"

ಹೆಂಡತಿ ತಲೆ ತಗ್ಗಿಸಿದಳು. ಬೆನ್ನು ಮಾಡಿ ಕೂತವಳ ಮುಖವನ್ನು ಪಟ್ಟಿಯಣ್ಣ ಒಂದು ದಿನವಾದರೂ ನೋಡಿದ್ದನೇ?

"ಯಾಕೆ ಹೇಳ್ಲಿಲ್ಲ?" ಹೊರಗೆ ಬಂದ ಮೇಲೆ ಕೇಳಿದ.

"ತಟ್ಟೆ ಹಿಡ್ಕೊಂಡು ಬರ್ತಿದ್ರಲ್ಲ, ಆಗ ನಿಮ್ಮ ಮುಖದಲ್ಲಿ ಒಂದು ಕಳೆ ಇರ್ತಿತ್ತು. ನೀವು ಕೆಲಸ ಬಿಟ್ಟಮೇಲೆ ಅದನ್ನ ನಾನು ನೋಡೇ ಇರ್ಲಿಲ್ಲ ಕಣ್ರೀ. ಹಲ್ಲು ಕಚ್ಕೊಂಡೆ."

ಅವನಿಗೆ ಅಳು ಬಂತು, ಸಿಟ್ಟೂ ಬಂತು, ಸಿಟ್ಟೆಲ್ಲ ತನ್ನ ಮೇಲೆಯೇ. ನೆಟ್ಟಗೆ ಔಷಧಿ ಅಂಗಡಿಗೆ ಹೋಗಿ, ಕೌಂಟರಿನ ಹೆಂಗಸನ್ನು ಏನೂ ಅರಿಯದವನ ಹಾಗೆ ವಿಚಾರಿಸಿದ: ಗಾಯ ಒಸರುತ್ತಿದ್ದರೆ ಯಾವುದು, ಒಣಗಿದ್ದರೆ ಯಾವುದು, ಕೀಳುವಾಗ ನೋಯದ್ದು ಯಾವುದು. ಡಾಕ್ಟರು ಹೇಳಿದ ಬಗೆಯಲ್ಲೇ, ಒಸರಿದ್ದನ್ನು ಹೀರಿಕೊಂಡು, ಗಾಯಕ್ಕೆ ಅಂಟದೆ ಅಂಚಿಗಷ್ಟೇ ಅಂಟುವುದನ್ನು ಆರಿಸಿ ತಂದ. ಸುಕ್ಕಿಲ್ಲದಂತೆ ಅಂಟಿಸಿ, ಅಂಚಿಗೆ ಅಂಗೈ ಶಾಖ ಕೊಟ್ಟು ಕೂರಿಸಿದ. ಅಲ್ಲಿಗೆ ಅವನ ಕೆಲಸ ಮುಗಿಯಿತು.

ಮರುದಿನ ಊಟವಾದ ಮೇಲೆ ಅಭ್ಯಾಸಬಲದಿಂದ ಸೋಪು ಹಚ್ಚಿ ಕೈ ತೊಳೆದ. ಆಮೇಲೆ ಏನು ಮಾಡಬೇಕೆಂದು ತೋಚದೆ ಒರೆಸಿದ ಕೈಯನ್ನೇ ಒರೆಸುತ್ತ ವರಾಂಡದಲ್ಲಿ ನಿಂತ.

"ರೀ, ಎಲ್ಲಿ ಹೋದ್ರಿ?" ಒಳಗಿನಿಂದ ಹೆಂಡತಿ ಕೂಗಿದಳು.

"ನನಗೇನಿದೆ ಅಲ್ಲಿ ಕೆಲಸ? ವಾರ ಮುಟ್ಟೋಹಾಗಿಲ್ಲವಲ್ಲ."

"ಗಾಯ ಮುಟ್ಬೇಡಿ ಅಂದ್ರು. ನನ್ನನ್ನ ಮುಟ್ಬೇಡಿ ಅಂದ್ರಾ? ಒಂದೇ ಕೈಲಿ ಜಡೆ ಹಾಕ್ಕೊಳೋಕೆ ಬರಲ್ಲ, ಬನ್ನಿ."

ಒಳಗೆ ಹೋದರೆ, ಅವಳು ಕುರ್ಚಿಯನ್ನು ಕಾಲಿನಿಂದಲೇ ತಳ್ಳಿಕೊಂಡು ಕನ್ನಡಿಯ ಎದುರಿಗೆ ಕೂತಿದ್ದಳು. ಪಟ್ಟಿಯಣ್ಣ ಬಾಚಣಿಗೆ ತೆಗೆದುಕೊಂಡ. ಒಂದೊಂದು ಸಿಕ್ಕು ಬಿಡಿಸುವಾಗಲೂ ಕನ್ನಡಿಯಲ್ಲಿ ಅವಳ ಮುಖ ನೋಡಿದ.