ಗಾಳಿ ನಿಂತಾಗ

ಪಿಯಾನೋದ ಕೀಗಳನ್ನು ಒಂದೊಂದಾಗಿ ಒರೆಸುತ್ತಿದ್ದೆ, ಒಂದೂ ಸದ್ದು ಮಾಡದಂತೆ. ಒರೆಸುವುದು ನನ್ನ ಕೆಲಸ, ನುಡಿಸುವುದು ಎಮಿಲಿಯದು. ಅವಳು ಮನೆಯೊಡತಿ ಕ್ಯಾರೊಲಿನ್ ಬಾಯಿಯವರ ಅಣ್ಣನ ಮಗಳು, ಔರಾದದಿಂದ ಬಂದು ಇನ್ನೂ ವರ್ಷವಾಗಿಲ್ಲ. ನಾನು ಸಾಲೆ ಬಿಟ್ಟು ಬಾಯಿಯ ಮನೆಗೆಲಸಕ್ಕೆ ಬಂದವಳು.

ಬಾಯಿ ಬೀದರಿನ ಚರ್ಚಿನಲ್ಲಿ ಪಿಯಾನೋ ನುಡಿಸುವವರು. ಒಂದು ಸಂಜೆ ಜೋಳ ಹಸನು ಮಾಡುತ್ತ ನಾನು ನಮ್ಮೂರು ಭಾತಂಬ್ರಾದ ಕಣದ ಮಾತು ತೆಗೆದೆ.

"ಗಾಳಿ ಬಂದ್ರ ನಮ್ಮವ್ವ ತೂರ್ತಾಳ್ರಿ. ಗಾಳಿ ನಿಂತ್ರ ಮೊರ ಎತ್ಕೊಂಡು ಹಂಗೇ ನಿಂತಿರ್ತಾಳ."

"ಇದು ಪದ್ಯನೇ ಆಯ್ತಲ್ಲ ಸಪನಾ!" ಎಂದರು ಬಾಯಿ. "ಪದ್ಯಾನ ಹಾಡದೇ ಬರೇ ಪಿಯಾನೋದಾಗ ಹೇಳಬಹುದು. ದೊಡ್ಡ ದೊಡ್ಡವರು ಹಂಗ ಮಾಡ್ಯಾರ."

ಮಾಡಿಯೂ ಬಿಟ್ಟರು. ಅವರ ಬೆರಳಲ್ಲಿ ಕಾಳು ಉದುರಿತು, ಹೊಟ್ಟು ಹಾರಿತು, ನಡುವೆ ಗಾಳಿ ನಿಂತಂತೆ ಪಿಯಾನೋವೂ ತಡೆದು ನಿಂತಿತು. ನನಗೇ ಕಲಿಸುತ್ತಾರೆ ಎಂದುಕೊಂಡೆ. ಕಲಿಸಿದ್ದು ಎಮಿಲಿಗೆ. ಮೊರ ಹಿಡಿದವಳಲ್ಲ ಅವಳು. ಆ ಮೌನದಲ್ಲಿ ಕಾಯದೆ ಮುಂದೆ ಓಡುತ್ತಿದ್ದಳು.

"ಗಾಳಿ ಇನ್ನೂ ಬಂದಿಲ್ಲ," ಎಂದೆ ಒಮ್ಮೆ, ಬಾಗಿಲ ಮರೆಯಿಂದ.

"ಫ್ಯಾನ್ ಹಚ್ಚು ಮತ್ತ!" ಎಂದು ನಕ್ಕಳು.

ಸುಗ್ಗಿ ಹಬ್ಬದ ಭಾನುವಾರ ಚರ್ಚು ತುಂಬಿತ್ತು. ಅಲ್ಲಿ ಪಿಯಾನೋ ಒಂದು ಸಾಲು ನುಡಿದು ನಿಂತರೆ ಜನ ಎದ್ದು ಹಾಡುವುದು ರೂಢಿ. ಅಂದು ಬಾಯಿಯ ಬದಲು ಆ ಪದ್ಯ ನುಡಿಸಲು ಕೂತ ಎಮಿಲಿ ಗಾಳಿಯನ್ನು ಸರಿಯಾಗಿ ನಿಲ್ಲಿಸಿದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅಷ್ಟರಲ್ಲಿ ಇಡೀ ಚರ್ಚು ಎದ್ದು ನಿಂತಿತು!

"ಎಷ್ಟನೇ ಹಾಡ್ರಿ?" ಮುದುಕ ಮಾರ್ಕ ಮಾಮಾ ಪುಸ್ತಕ ತಿರುವತೊಡಗಿದರು.

ಕೆಡಲಿ, ಕೆಡಲಿ ಎಂದಿತು ನನ್ನ ಮನಸ್ಸು. ಎಮಿಲಿ ಹೆದರಲಿಲ್ಲ. ಕಾದು, ಮುಂದಿನ ಗಾಳಿ ಬೀಸಿದಳು. ಕೂರಲು ನಾಚಿ ಎಲ್ಲರೂ ನಿಂತೇ ಕೇಳಿದರು.

ಹೊರಗೆ ಮಾರ್ಕ ಮಾಮಾನೇ ಅವಳ ತಲೆ ಸವರಿದರು. "ಎಲ್ಲಾರಿಗೂ ಎಬ್ಬಿಸಿ ನಿಂದ್ರಿಸಿದ್ಯಲ್ಲ ಹುಡುಗಿ!"

ತಪ್ಪಿ ಎದ್ದದ್ದು ಆಗಲೇ ಅವಳಿಗೆ ಕೊಟ್ಟ ಮರ್ಯಾದೆಯಾಗಿತ್ತು. ನಮ್ಮವ್ವನ ಹೆಸರು ಯಾರೂ ಎತ್ತಲಿಲ್ಲ. ನಾನು ಜನರ ನಡುವೆ ನುಸುಳಿ ಬಾಯಿಯ ಹಿಂದೆ ನಿಂತೆ.

"ಬಾಯಿ..."

ಎಮಿಲಿ ಫೋಟೋಕ್ಕೆ ಕರೆದಳು. ಬಾಯಿ ಕಣ್ಣೊರೆಸಿಕೊಂಡು ಅವಳ ಪಕ್ಕಕ್ಕೆ ಹೋದರು. ನಾನೂ ಎರಡು ಹೆಜ್ಜೆ ಹೋದೆ, ಈ ಸಲ ಎಲ್ಲರಿಗೂ ಕೇಳುವಂತೆ ಹೇಳಿದೆ:

"ಬಾಯಿ, ನನಗೂ ಕಲಿಸ್ರಿ."