ಬಟ್ಟೆ ಹೊದ್ದ ಚರ್ಮ

ಕುವಬಾರಾ ಚಿಜುರು ಮೊದಲ ಮಾದರಿಯ ಎಡಗಾಲಿನ ಶೂವನ್ನು ಮೇಜಿನ ಮೇಲೆ ಮಲಗಿಸಿ, ಹಿಮ್ಮಡಿಯಿಂದ ತುದಿಯವರೆಗೆ ಚೂರಿ ಎಳೆದಳು. ಎದುರಿಗೆ ನಿಂತಿದ್ದ ಹಾಮುರೊ ತೆತ್ಸುಜಿ ಹಲ್ಲು ಕಚ್ಚಿದ.

"ಮೆಲ್ಲಗೆ ಕೊಯ್ಯಿ ಅಕ್ಕಾ, ಅದೇನು ಮೀನಲ್ಲ," ಎಂದ.

"ಮೀನಾಗಿದ್ರೆ ವಾಸನೇಲೇ ಗೊತ್ತಾಗ್ತಿತ್ತು ಹಾಮುರೊ ಸಾನ್. ಇಷ್ಟು ಕಷ್ಟ ಇರ್ತಿರಲಿಲ್ಲ."

ಗೋದಾಮಿನ ಒಗುರಿ ಮುದುಕ ಪೆಟ್ಟಿಗೆ ಬಿಚ್ಚುತ್ತ ಕಿಸಕ್ಕನೆ ನಕ್ಕ.

ಕೋಬೆ ಬಂದರಿನ ಸುಂಕದ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ ಇದೇ ಆಗಿತ್ತು. ಹೊರದೇಶದಿಂದ ಬಂದ ಪಾದರಕ್ಷೆ ಸುಂಕದ ಪಟ್ಟಿಯಲ್ಲಿ ಯಾವ ಸಾಲಿಗೆ ಸೇರುತ್ತದೆ ಎಂದು ಅವಳು ಹೇಳಬೇಕು. ಅಟ್ಟೆ ರಬ್ಬರಿನದೋ ತೊಗಲಿನದೋ, ಅಟ್ಟೆಯ ಮೇಲಿನ ಭಾಗದಲ್ಲಿ ಹೊರಗೆ ಕಾಣುವುದು ಬಟ್ಟೆ ಹೆಚ್ಚೋ ಚರ್ಮ ಹೆಚ್ಚೋ ಎಂದು ಬಿಚ್ಚಿ, ಹರಡಿ, ಚೌಕುಳಿ ಹಾಳೆಯ ಮೇಲಿಟ್ಟು ಅಳೆಯಬೇಕು. ಬಟ್ಟೆಯಾದರೆ ಸುಂಕ ಹಗುರ. ಚರ್ಮವಾದರೆ ತರಿಸಿದವನ ಸೊಂಟ ಮುರಿಯುವಷ್ಟು. ನಗಾತಾ ಕೇರಿಯಲ್ಲಿ ಶೂ ಹೊಲಿದು ಬದುಕುವವರ ಅನ್ನ ಉಳಿಯಲೆಂದೇ ಚರ್ಮಕ್ಕೆ ಅಷ್ಟು ಸುಂಕ ಇಟ್ಟಿದ್ದರು.

ಹಾಮುರೊನೂ ಅದೇ ಕೇರಿಯವನು. ಊರನ್ನು ಕೆಡವಿದ ಭೂಕಂಪದ ದಿನ ಎದ್ದ ಬೆಂಕಿ ಅವನ ಕಾರ್ಖಾನೆಯನ್ನೂ ಅದರೊಳಗೆ ಸಿಕ್ಕಿಬಿದ್ದಿದ್ದ ಅವನ ಅಣ್ಣನನ್ನೂ ಸುಟ್ಟಿತ್ತು. ಅದಾಗಿ ಮೂರು ವರ್ಷ. ಈಗ ತನ್ನ ಹಳೆಯ ಅಳತೆಗಳನ್ನು ಚೀನಾಕ್ಕೆ ಕಳಿಸಿ ಅಲ್ಲೇ ಹೊಲಿಸಿ ತರಿಸುತ್ತಿದ್ದ. ಈ ಸಲದ ಸರಕಿನ ಕಾಗದದಲ್ಲಿ ಮೂರು ಮಾದರಿಗಳಿದ್ದವು. ಮೂರೂ ಬಟ್ಟೆಯವು ಎಂದು ಬರೆದಿತ್ತು.

ಚಿಜುರು ಕೊಯ್ದ ತುಂಡನ್ನು ಕುದಿಯುತ್ತಿದ್ದ ಕೆಟಲಿನ ಮೂತಿಗೆ ಹಿಡಿದಳು. ಹಬೆ ತಾಗಿದ್ದೇ ಕಪ್ಪು ಬಟ್ಟೆಯ ಅಂಚು ಬೇಯಿಸಿದ ಕೆಸುವಿನ ಗೆಡ್ಡೆಯ ಸಿಪ್ಪೆಯ ಹಾಗೆ ಸಡಿಲವಾಯಿತು. ಚಿಮಟದಿಂದ ಎಳೆದರೆ ಇಡಿಯಾಗಿ ಬಂತು. ಅಡಿಯಲ್ಲಿ ಕಂದು ಬಣ್ಣದ ಕರುವಿನ ಚರ್ಮ ಮಿರಮಿರ ಮಿಂಚುತ್ತಿತ್ತು.

"ಇದೇನು?"

"ಒಳಪದರ."

"ಒಳಪದರಕ್ಕೆ ಯಾರಾದ್ರೂ ಪಾಲಿಶ್ ಹಾಕ್ತಾರಾ?"

ಹಾಮುರೊನ ಮುಖದ ನಗು ಹಾರಿಹೋಯಿತು. "ಹೊರಗೆ ಕಾಣೋದನ್ನ ಅಳೀಬೇಕು ಅಂತ ತಾನೆ ನಿಮ್ಮ ನಿಯಮ? ಹೊರಗೆ ಕಾಣೋದು ಬಟ್ಟೆ. ಅಳ್ಕೋ ಹೋಗು."

"ಅಂಗಡಿಗೆ ಹಾಕೋ ಮುಂಚೆ ಹಬೆ ಕೊಟ್ಟು ಕೀಳೋ ಬಟ್ಟೆ ಇದು. ಶೂಗೆ ಸುತ್ತಿದ ಕಾಗದಕ್ಕೂ ಇದಕ್ಕೂ ಏನು ವ್ಯತ್ಯಾಸ? ನಾನು ಚರ್ಮ ಅಂತಲೇ ಬರೀತೀನಿ. ಇನ್ನೆರಡು ಮಾದರಿ ಇದೆ, ಅವನ್ನೂ ನೋಡಿ ಆಮೇಲೆ—"

ಅವನು ಪೆಟ್ಟಿಗೆಗೆ ಒದ್ದ. ಶೂಗಳು ನೆಲದ ಮೇಲೆ ಚೆಲ್ಲಾಡಿದವು. "ನಮ್ಮಣ್ಣ ಬೆಂಕೀಲಿ ಬೇಯ್ತಾ ಇದ್ದಾಗ ಎಲ್ಲಿತ್ತೇ ನಿನ್ನ ಸುಂಕ? ನಮ್ಮನ್ನ ಕಾಪಾಡೋ ಸುಂಕ?"

ಒಗುರಿ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟ. "ಬಾರಯ್ಯ, ಹೊರಗೆ ಹೋಗಿ ಒಂದು ಸಿಗರೇಟು ಸೇದೋಣ."

ಗೋಡೆಯ ಮೇಲೆ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ನೇತಾಡುತ್ತಿತ್ತು. ಹಾಮುರೊ ಅದನ್ನು ಸೆಳೆದುಕೊಂಡು, ತಿರುಗಿಯೂ ನೋಡದೆ ಹಿಂದಕ್ಕೆ ಬೀಸಿದ. ಅದು ಒಗುರಿಯ ಕಿವಿಗೆ ಕಚ್ಚಿಕೊಂಡು ದವಡೆಯವರೆಗೂ ಸೀಳಿತು. ಮುದುಕ ಸದ್ದಿಲ್ಲದೆ ಕುಸಿದ. ಬಿಳಿಯ ರಟ್ಟಿನ ಡಬ್ಬಗಳ ಮೇಲೆ ರಕ್ತ ಪಟಪಟನೆ ಹನಿಯಿತು.

ಕೊಕ್ಕೆ ಎಸೆದು ಅವನು ಮೇಜಿನ ಕಡೆ ನುಗ್ಗಿದ. ಚೂರಿಗೆ ಇಬ್ಬರೂ ಒಟ್ಟಿಗೆ ಕೈಹಾಕಿದರು. ಹಿಡಿ ಅವನಿಗೆ ಸಿಕ್ಕಿತು, ಅಲಗು ಅವಳ ಬಲ ಅಂಗೈಗೆ. ಅವನು ಎಳೆದ. ನೋವಾಗುವ ಮೊದಲು ಕೈಯೊಳಗೆ ಮಂಜುಗಡ್ಡೆ ಇಟ್ಟ ಹಾಗಾಯಿತು. ನೋಡಿದರೆ ಮೂರು ಬೆರಳುಗಳು ಜೋತುಬಿದ್ದಿದ್ದವು. ಚೂರಿ ಮತ್ತೆ ಮೇಲೆದ್ದಾಗ ಅವಳ ಎಡಗೈ ತಾನಾಗಿ ಕೆಟಲನ್ನು ಎತ್ತಿ ಅವನ ಮುಖಕ್ಕೆ ಸುರಿಯಿತು.

ಹಾಮುರೊ ಚೀರುತ್ತ ಮೊಣಕಾಲೂರಿದ. ಚೂರಿ ಮೇಜಿನ ಕೆಳಗೆ ಜಾರಿಹೋಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು "ಅಣ್ಣಾ, ಅಣ್ಣಾ" ಎಂದು ನರಳತೊಡಗಿದ.

ಅಲ್ಲಿಗೆ ಮುಗಿಯಬೇಕಿತ್ತು. ಚಿಜುರು ಮೇಜಿನ ಮೇಲಿದ್ದ ಕಬ್ಬಿಣದ ಶೂ ಅಚ್ಚನ್ನು ಎಡಗೈಗೆ ತೆಗೆದುಕೊಂಡು ಅವನ ಹೆಗಲಿಗೆ ಬಡಿದಳು. ಮತ್ತೆ ಬಡಿದಳು, ಮುಖ ಮುಚ್ಚಿದ್ದ ಕೈಗಳ ಮೇಲೆ. ಮೂರನೆಯ ಏಟಿಗೆ ಆ ಕೈಗಳು ಸರಿದು ಹೋಗಿದ್ದವು; ಅಚ್ಚು ಕಣ್ಣಿನ ಮೇಲೆ ಬಿತ್ತು. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಯಾರೋ ಅವಳ ಕಣಕಾಲು ಹಿಡಿದರು. ಒಗುರಿ ತೆವಳಿಕೊಂಡು ಬಂದಿದ್ದ.

"ಸಾಕು ಚಿಜುರು. ಸಾಕು ಬಿಡಮ್ಮ."

ಜೊತೆಗೆ ಕೆಲಸ ಮಾಡಿದ ಹನ್ನೊಂದು ವರ್ಷದಲ್ಲಿ ಅವನು ಅವಳನ್ನು ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅವಳ ಕೈಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಆ ಮೂರು ಬೆರಳು ಮಡಚುವುದು ನಿಂತೇಹೋಯಿತು. ಒಗುರಿಗೆ ಒಂದು ಕಿವಿ ಕೇಳಿಸದಾಯಿತು. ಹಾಮುರೊನ ಎಡಗಣ್ಣು ಹೋಯಿತು. ಪೊಲೀಸರು ವಿಚಾರಿಸಿದಾಗ ಒಗುರಿ, ಹಾಮುರೊ ಬೀಳುವಾಗ ಕಬ್ಬಿಣದ ಅಚ್ಚಿಗೆ ಮುಖ ಬಡಿದು ಬಿದ್ದ ಎಂದುಬಿಟ್ಟ. ಆಮೇಲೆ ಆಸ್ಪತ್ರೆಗೆ ಕಿತ್ತಳೆ ತಂದು, ಸುಲಿದು ಒಂದೊಂದೇ ತೊಳೆ ಕೊಡುತ್ತ ಹೇಳಿದ: "ನೀನೂ ಅಷ್ಟೇ ಹೇಳು. ನಾಯಿ ಕಚ್ಚೋಕೆ ಬಂದ್ರೆ ಎಷ್ಟು ಏಟು ಹೊಡೆದೆ ಅಂತ ಯಾರೂ ಎಣಿಸಲ್ಲ." ಅವಳು ಎಡಗೈ ಚಾಚಿ ಇನ್ನೊಂದು ತೊಳೆ ತೆಗೆದುಕೊಂಡಳು.

ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದಾಗ ಹಾಮುರೊನ ಉಳಿದ ಎರಡು ಮಾದರಿಗಳು ಹಾಗೇ ಇದ್ದವು. ಬೇರೆಯವರು ಮಾಡುತ್ತೇವೆಂದರೂ ಕೊಡದೆ ಅವಳೇ ಎಡಗೈಯಲ್ಲಿ ಕೊಯ್ದಳು. ಎರಡನೆಯದೂ ಚರ್ಮ. ಮೂರನೆಯದನ್ನು ಎಷ್ಟು ಹಬೆಯಲ್ಲಿ ಹಿಡಿದರೂ ಏನೂ ಕಳಚಲಿಲ್ಲ; ಒಳಗೂ ಹೊರಗೂ ದಪ್ಪ ಕ್ಯಾನ್ವಾಸು. ಬಟ್ಟೆ ಎಂದು ಬರೆದಳು.

"ನಿಮ್ಮ ಕೈ ಕೊಯ್ದವನ ಸರಕು ಅದು," ಎಂದ ಪಕ್ಕದ ಮೇಜಿನವನು.

"ಸರಕೇನು ಕೊಯ್ಲಿಲ್ಲವಲ್ಲ," ಎಂದಳು.

ನ್ಯಾಯಾಲಯದಲ್ಲಿ ಹಾಮುರೊ ತಲೆ ತಗ್ಗಿಸಿ ಕೂತಿದ್ದ. ಅವನು ಬಿದ್ದ ಮೇಲೆ ಏನಾಯಿತು ಎಂದು ಅವನ ವಕೀಲ ಕೇಳಿದ. ಹೌದು ಎಂದೋ ಅಲ್ಲ ಎಂದೋ ಹೇಳಿದರೆ ಸಾಕಾಗುವ ಪ್ರಶ್ನೆಯಲ್ಲ ಅದು. ಚಿಜುರು ಒಗುರಿಯ ಕಡೆ ನೋಡದೆ ಹೇಳಿದಳು.

"ಅವರ ಕೈಯಲ್ಲಿ ಏನೂ ಇರಲಿಲ್ಲ. ನಾನು ಅಚ್ಚಲ್ಲಿ ಮೂರು ಸಲ ಹೊಡೆದೆ. ಕಣ್ಣು ಹೋಗಿದ್ದು ಅದರಿಂದಲೇ."

"ಯಾಕೆ ಹೊಡೆದಿರಿ?"

"ಸಿಟ್ಟು ಬಂದಿತ್ತು."

ಹಾಮುರೊ ತಲೆಯೆತ್ತಿ ಉಳಿದ ಒಂದು ಕಣ್ಣಿನಿಂದ ಅವಳನ್ನು ನೋಡಿದ. ಅವನಿಗೆ ನಾಲ್ಕು ವರ್ಷ ಸೆರೆಯಾಯಿತು. ಅವಳ ಮೇಲೆ ಮೊಕದ್ದಮೆ ಹೂಡಲಿಲ್ಲ, ಆದರೆ ಅವಳೇ ರಾಜೀನಾಮೆ ಬರೆದುಕೊಟ್ಟಳು. ಸುಳ್ಳು ಹೇಳಿದ್ದಕ್ಕೆ ಒಗುರಿ ಛೀಮಾರಿ ಹಾಕಿಸಿಕೊಂಡ.

ತೀರ್ಪಿನ ದಿನ ಒಗುರಿ ಮುಂದೆ ಮುಂದೆ ನಡೆದು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತ. ಅವಳೂ ಬಂದು, ಅವನಿಗೆ ಕೇಳಿಸುವ ಕಿವಿಯ ಕಡೆ ಕೂತಳು.

"ಪೆದ್ದಿ," ಎಂದ.

"ಪೂರ್ತಿ ಹೇಳಲಿಲ್ಲ ನಾನು," ಎಂದಳು ಚಿಜುರು. "ಮೂರನೇ ಏಟು ಹಾಕುವಾಗ ನನಗೆ ಹಿತವಾಗಿತ್ತು ಒಗುರಿ ಸಾನ್."

ಮುದುಕ ಹೊಲಿಗೆಯ ಗುರುತಿದ್ದ ದವಡೆಯನ್ನು ಸವರಿಕೊಂಡ.

"ನಾನು ಕೆಳಗೆ ಬಿದ್ದಿದ್ದೆ. ನಿನ್ನ ಮುಖ ಕಾಣಿಸ್ತಿತ್ತು," ಎಂದ. "ಅದಕ್ಕೇ ತೆವಳಿಕೊಂಡು ಬಂದಿದ್ದು. ಅವನಿಗೋಸ್ಕರ ಅಂದ್ಕೊಂಡ್ಯಾ?"